ಟಿ ಅಲೆಯೊಳಗೆ ಅಡಗಿದ್ದ ಪಿ

ನನ್ನ ಹಳೆಯ ಡೈರಿಯ ಕೊನೆಯ ಪುಟದಲ್ಲಿ ಎರಡು ಇಸಿಜಿ ಪಟ್ಟಿಗಳಿವೆ. ಹೆಸರು, ನಂಬರ್ ಇದ್ದ ಮೂಲೆಯನ್ನು ಅವತ್ತೇ ಕತ್ತರಿಸಿ ತೆಗೆದಿದ್ದೆ. ಇಸಿಜಿ ಕಾಗದದ ಗೆರೆ ಶಾಯಿಯದಲ್ಲ, ಬಿಸಿ ತಾಗಿ ಮೂಡಿದ್ದು. ವರ್ಷ ಕಳೆದಂತೆ ಮಾಸಿಹೋಗುತ್ತದೆ. ಅದಕ್ಕೇ ಎರಡನ್ನೂ ಜೆರಾಕ್ಸ್ ಮಾಡಿ ಅಂಟಿಸಿಕೊಂಡಿದ್ದೇನೆ. ಹೃದಯದ ಐಸಿಯುಗೆ ಹೊಸದಾಗಿ ಬರುವ ನರ್ಸ್‌ಗಳಿಗೆಲ್ಲ ಮೊದಲ ಪಟ್ಟಿಯನ್ನು ತೋರಿಸುತ್ತೇನೆ. ಎರಡನೆಯದನ್ನು ಆಮೇಲೆ.

ಆಗ ನಾನು ಐಸಿಯುಗೆ ಬಂದು ಎಂಟು ತಿಂಗಳಾಗಿತ್ತು. ನೈಟ್ ಡ್ಯೂಟಿ. ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಕರೆತಂದರು. ನಿಂತಲ್ಲೇ ಕುಸಿದು ಬಿದ್ದಿದ್ದರಂತೆ. ಒಂದು ನಿಮಿಷದೊಳಗೆ ತಾನಾಗಿ ಎಚ್ಚರ ಬಂದಿತ್ತು. ಹಣೆ ಊದಿಕೊಂಡಿತ್ತು. ಬಿಪಿ ಪರವಾಗಿಲ್ಲ. ಮಾತಾಡುತ್ತಿದ್ದರು, ಆದರೆ ತುಂಬ ಹೆದರಿದ್ದರು. ನನ್ನ ಕೈಯನ್ನು ಬಿಡುತ್ತಲೇ ಇರಲಿಲ್ಲ. ಇಸಿಜಿ ತೆಗೆದೆ. ಮೆಷಿನ್ ತಾನೇ ಓದಿ ಮೇಲೆ ಅಚ್ಚು ಹಾಕಿಕೊಟ್ಟಿತ್ತು: ಸೈನಸ್ ಬ್ರಾಡಿಕಾರ್ಡಿಯಾ, ರೇಟ್ 47. ಅಂದರೆ ಸಹಜ ದಾರಿಯ ಬಡಿತವೇ, ಆದರೆ ನಿಧಾನ. ನಾನೂ ನೋಡಿದೆ. ಪ್ರತಿ ಕ್ಯೂಆರ್‌ಎಸ್‌ಗೂ, ಅಂದರೆ ಕೆಳಗಿನ ಕೋಣೆಗಳ ಬಡಿತದ ಚೂಪು ಗೆರೆಗೂ, ಮೊದಲು ಒಂದು ಪಿ, ಅಂದರೆ ಮೇಲಿನ ಕೋಣೆಗಳ ಸಣ್ಣ ಅಲೆ, ಇದೆ. ಎರಡರ ನಡುವಿನ ದೂರ, ಪಿಆರ್, ಎಲ್ಲ ಕಡೆ ಒಂದೇ ಅಳತೆ. ಸರಿ ಅಂದುಕೊಂಡು ಚಾರ್ಟ್‌ನಲ್ಲಿ ಅದನ್ನೇ ಬರೆದೆ.

ಸ್ವಲ್ಪ ಹೊತ್ತಿಗೆ ಇನ್‌ಚಾರ್ಜ್ ಸಿಸ್ಟರ್ ಬಂದು ಪಟ್ಟಿಯನ್ನು ಕೈಗೆ ತಗೊಂಡರು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ಇಷ್ಟು ಹೆದರಿದ್ದಾರಲ್ಲ, ಇವರ ಸೈನಸ್ ನೋಡ್ 47ಕ್ಕೆ ಯಾಕೆ ಓಡುತ್ತೆ ಹೇಳು?"

ಸೈನಸ್ ನೋಡ್ ಅಂದರೆ ಹೃದಯದ ಬಡಿತ ಹುಟ್ಟುವ ಜಾಗ, ಹೆದರಿದಾಗ ಅದು ಚುರುಕಾಗಬೇಕು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಒಂದು ಬಿಳಿ ಹಾಳೆಯನ್ನು ಪಟ್ಟಿಯ ಮೇಲಿಟ್ಟರು. ಹಾಳೆಯ ಅಂಚು ಪಿಗಳಿಗೆ ಸರಿಯಾಗಿ ತಾಗುವಂತೆ ಹಿಡಿದು, ಒಂದು ಪಿಗೆ ಒಂದು ಗುರುತು, ಮುಂದಿನ ಪಿಗೆ ಇನ್ನೊಂದು ಗುರುತು ಹಾಕಿದರು. ನಡುವಿನ ದೂರ 32 ಚಿಕ್ಕ ಚೌಕ. ಅದರ ಸರಿ ಅರ್ಧಕ್ಕೆ, ಅಂದರೆ 16ನೇ ಚೌಕಕ್ಕೆ, ಮೂರನೆಯ ಗುರುತು. "ಇಲ್ಲಿ ಏನಿದೆ ನೋಡು" ಅಂದರು. ಅಲ್ಲಿ ಟಿ ಅಲೆಯ, ಅಂದರೆ ಕ್ಯೂಆರ್‌ಎಸ್ ಆದಮೇಲೆ ಬರುವ ಉಬ್ಬಿನ, ಇಳಿಜಾರು ಇತ್ತು. ಆ ಇಳಿಜಾರಿನಲ್ಲಿ ಒಂದು ಸಣ್ಣ ಗಂಟು. ಮುಂದಿನ ಟಿಯಲ್ಲೂ ಅದೇ ಜಾಗದಲ್ಲಿ ಅದೇ ಗಂಟು. ಅದರ ಮುಂದಿನದರಲ್ಲೂ. ನಾನು ಆ ಗಂಟನ್ನು ನೋಡಿದ್ದೆ. ಟಿಯ ಆಕಾರವೇ ಹಾಗೆ ಅಂದುಕೊಂಡು ಬಿಟ್ಟಿದ್ದೆ.

ಅದು ಪಿ. ಅಜ್ಜಿಯ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 94 ಸಲ ಬಡಿಯುತ್ತಿದ್ದವು, ಹೆದರಿದ ಮನುಷ್ಯರಲ್ಲಿ ಬಡಿಯುವ ಹಾಗೇ. ಅದರಲ್ಲಿ ಅರ್ಧ ಮಾತ್ರ ಕೆಳಗೆ ತಲುಪುತ್ತಿತ್ತು. ಸೈನಸ್ ಬ್ರಾಡಿಕಾರ್ಡಿಯಾ ಅಲ್ಲವೇ ಅಲ್ಲ. ಎರಡಕ್ಕೆ ಒಂದು ಹಾರ್ಟ್ ಬ್ಲಾಕ್.

ಆ ರಾತ್ರಿಯಿಂದ ನನಗೆ ಒಂದು ಅಭ್ಯಾಸ ಬಂದುಬಿಟ್ಟಿದೆ. ಪಟ್ಟಿ ಕೈಗೆ ಬಂದರೆ ಬ್ಲಾಕ್‌ನ ಹೆಸರು ಏನು ಅಂತ ಯೋಚಿಸುವುದಿಲ್ಲ. ಮೊದಲು ಪಿಗಳನ್ನೆಲ್ಲ ಹುಡುಕುತ್ತೇನೆ. ಒಂದನ್ನೂ ಬಿಡದ ಹಾಗೆ. ಕಾಣುವ ಪಿ ಯಾವುದು, ಟಿಯೊಳಗೆ ಮುಳುಗಿದ್ದು ಯಾವುದು, ಕ್ಯೂಆರ್‌ಎಸ್ ಅಡಿಯಲ್ಲಿ ಸಿಕ್ಕಿಕೊಂಡಿದ್ದು ಯಾವುದು. ಪಿಗಳು ಪೂರ್ತಿ ಸಿಕ್ಕಿದರೆ ಹೆಸರು ತಾನಾಗಿ ಬರುತ್ತದೆ. ಸಿಗದೇ ಇದ್ದರೆ ಪುಸ್ತಕದ ವ್ಯಾಖ್ಯೆಗಳನ್ನೆಲ್ಲ ಬಾಯಿಪಾಠ ಮಾಡಿದ್ದರೂ ಪ್ರಯೋಜನ ಇಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. "ಹಾರ್ಟಲ್ಲಿ ಬ್ಲಾಕ್ ಇದೆ" ಅಂದರೆ ನಮ್ಮ ಜನ ರಕ್ತನಾಳ ಕಟ್ಟಿಕೊಂಡಿದೆ ಅಂತಲೇ ತಿಳಿಯುತ್ತಾರೆ. ಆ ರಾತ್ರಿ ಅಜ್ಜಿಯ ಮಗನೂ "ಸ್ಟೆಂಟ್ ಹಾಕಬೇಕಾ ಸಿಸ್ಟರ್?" ಅಂತ ಕೇಳಿದರು. ತಪ್ಪು ತಿಳಿವಳಿಕೆ ಸಹಜ, ಎರಡಕ್ಕೂ ನಾವು ಒಂದೇ ಪದ ಬಳಸುತ್ತೇವೆ. ಹಾರ್ಟ್ ಬ್ಲಾಕ್ ಅಂದರೆ ರಕ್ತದ ದಾರಿಯ ತೊಂದರೆ ಅಲ್ಲ, ಕರೆಂಟಿನ ದಾರಿಯ ತೊಂದರೆ. ಮನೆಯವರಿಗೆ ನಾನು ಹೀಗೆ ಹೇಳುತ್ತೇನೆ: ನೀರಿನ ಪೈಪ್ ಚೆನ್ನಾಗೇ ಇರಬಹುದು, ಪಂಪಿಗೆ ಹೋಗುವ ವೈರ್‌ನಲ್ಲಿ ತೊಂದರೆ ಇದೆ. ಅಷ್ಟು ಹೇಳಿದರೆ ಅರ್ಥ ಆಗುತ್ತದೆ.

ಆ ವೈರ್ ಹೋಗುವ ದಾರಿ ಗೊತ್ತಿದ್ದರೆ ಇಸಿಜಿ ಓದುವುದು ಸುಲಭ. ಬಲ ಮೇಲಿನ ಕೋಣೆಯ ಸೈನಸ್ ನೋಡ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಮೇಲಿನ ಎರಡೂ ಕೋಣೆಗಳಿಗೆ ಹರಡುತ್ತದೆ. ಅದೇ ಪಿ ಅಲೆ. ಆಮೇಲೆ ಎವಿ ನೋಡ್ ಅನ್ನುವ ಗೇಟಿನಲ್ಲಿ ಸ್ವಲ್ಪ ನಿಲ್ಲುತ್ತದೆ. ಮೇಲಿನ ಕೋಣೆಯ ರಕ್ತ ಕೆಳಗಿನ ಕೋಣೆಗೆ ಪೂರ್ತಿ ಇಳಿಯಲು ಈ ತಡ ಬೇಕೇ ಬೇಕು. ಗೇಟ್ ದಾಟಿದರೆ ಹಿಸ್ ಬಂಡಲ್, ಅಲ್ಲಿಂದ ಬಲಕ್ಕೊಂದು ಎಡಕ್ಕೊಂದು ಕವಲು, ಕೊನೆಗೆ ಪರ್ಕಿಂಜೆ ಎಳೆಗಳು. ವಿಲ್ಹೆಲ್ಮ್ ಹಿಸ್ ಅನ್ನುವ ವೈದ್ಯರು ಈ ಕಟ್ಟನ್ನು 1893ರಲ್ಲಿ ತೋರಿಸಿಕೊಟ್ಟರು. ಎವಿ ನೋಡನ್ನು ಕಂಡು, ಇಡೀ ದಾರಿಯನ್ನು ಮೊದಲ ಸಲ ಜೋಡಿಸಿ ಹೇಳಿದ್ದು ಜಪಾನಿನಿಂದ ಜರ್ಮನಿಗೆ ಹೋಗಿ ಕೆಲಸ ಮಾಡುತ್ತಿದ್ದ ಸುನಾವೊ ತವಾರ, 1906ರಲ್ಲಿ.

ಅಳತೆ ಹೀಗೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಚಿಕ್ಕ ಚೌಕ 0.04 ಸೆಕೆಂಡ್, ಐದು ಸೇರಿದ ದೊಡ್ಡ ಚೌಕ 0.20 ಸೆಕೆಂಡ್. ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವ ತನಕ ಇರುವ ದೂರವೇ ಪಿಆರ್. ದೊಡ್ಡವರಲ್ಲಿ ಅದು ಮೂರರಿಂದ ಐದು ಚಿಕ್ಕ ಚೌಕ ಇರಬೇಕು. ಕ್ಯೂಆರ್‌ಎಸ್ ಮೂರು ಚಿಕ್ಕ ಚೌಕಕ್ಕಿಂತ ಕಡಿಮೆ ಇರಬೇಕು. ರೇಟ್ ಬೇಕಿದ್ದರೆ 1500ನ್ನು ಚಿಕ್ಕ ಚೌಕಗಳ ಸಂಖ್ಯೆಯಿಂದ ಭಾಗಿಸಿ. ಅಜ್ಜಿಯ ಪಟ್ಟಿಯಲ್ಲಿ 1500 ಭಾಗ 16, ಅಂದರೆ 94. 1500 ಭಾಗ 32, ಅಂದರೆ 47. ಎರಡೂ ಲೆಕ್ಕ ಆ ಹಾಳೆಯ ಅಂಚಿನಲ್ಲೇ ಇತ್ತು.

ಮೊದಲನೇ ಡಿಗ್ರಿ ಬ್ಲಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಆರ್ ಐದು ಚಿಕ್ಕ ಚೌಕ ದಾಟಿರುತ್ತದೆ, ಆದರೆ ಒಂದು ಪಿಯೂ ವ್ಯರ್ಥ ಆಗಿರುವುದಿಲ್ಲ. ಎಲ್ಲವೂ ಕೆಳಗೆ ತಲುಪುತ್ತವೆ. ಇದು ತಡೆ ಅಲ್ಲ, ತಡ. ಚೆನ್ನಾಗಿ ವ್ಯಾಯಾಮ ಮಾಡುವ ಆರೋಗ್ಯವಂತರಲ್ಲೂ ಕಾಣುತ್ತದೆ. ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ವೆರಾಪಮಿಲ್, ಡಿಗಾಕ್ಸಿನ್ ಥರದ ಮಾತ್ರೆ ತಗೊಳ್ಳುವವರಲ್ಲೂ ಕಾಣುತ್ತದೆ. ಹಳೆಯ ಇಸಿಜಿ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ವರ್ಷಗಳಿಂದ ಹೀಗೇ ಇದ್ದರೆ ಗಾಬರಿ ಬೇಡ. ನಿನ್ನೆ ನಾಲ್ಕು ಚೌಕ ಇದ್ದದ್ದು ಇವತ್ತು ಏಳಾಗಿದ್ದರೆ ಮಾತ್ರ ಬಿಡಬೇಡಿ, ಡಾಕ್ಟರ್‌ಗೆ ತಿಳಿಸಿ.

ಎರಡನೇ ಡಿಗ್ರಿಗೆ ಬಂದರೆ ನಿಜವಾದ ಕೆಲಸ ಶುರು. ಇಲ್ಲಿ ಕೆಲವು ಪಿಗಳು ದಾಟುತ್ತವೆ, ಕೆಲವು ದಾಟುವುದಿಲ್ಲ. ದಾಟದೇ ಹೋಗುವ ಬಗೆಯಲ್ಲೇ ಎಲ್ಲ ಇದೆ.

ಮೊದಲನೇ ಬಗೆ ವೆಂಕೆಬಾಕ್. ಡಚ್ ವೈದ್ಯ ಕಾರೆಲ್ ಫ್ರೆಡರಿಕ್ ವೆಂಕೆಬಾಕ್ ಇದನ್ನು ವಿವರಿಸಿದ್ದು 1899ರಲ್ಲಿ. ಆಗ ರೋಗಿಗಳ ಇಸಿಜಿಯನ್ನು ಹೀಗೆ ಬರೆದು ಓದುವ ಪದ್ಧತಿಯೇ ಇರಲಿಲ್ಲ. ಐಂತೋವನ್ ಅವರ ಇಸಿಜಿ ಯಂತ್ರ ಬಂದದ್ದು ಆಮೇಲೆ. ವೆಂಕೆಬಾಕ್ ಕೈಯಲ್ಲಿ ಇದ್ದದ್ದು ನಾಡಿಯ ಗೆರೆ ಮಾತ್ರ. ನಾಡಿ ಬಡಿತಗಳು ಗುಂಪುಗುಂಪಾಗಿ ಬರುತ್ತಿವೆ, ಗುಂಪಿನೊಳಗೆ ಅವುಗಳ ನಡುವಿನ ಅಂತರ ಒಂದು ರೀತಿಯಲ್ಲಿ ಬದಲಾಗುತ್ತಿದೆ ಅನ್ನುವುದನ್ನು ಅಳೆದು, ಒಳಗೆ ಏನು ನಡೆದಿರಬಹುದು ಅಂತ ಹೇಳಿದರು. ಇದನ್ನು ಓದಿದ ದಿನ ನನಗೆ ಮೈ ಜುಮ್ಮೆಂದಿತ್ತು. ಪಿ ಅಲೆಯನ್ನೇ ನೋಡದೆ ಪಿಆರ್ ಉದ್ದವಾಗುವುದನ್ನು ಕಂಡುಹಿಡಿದಿದ್ದರು!

ಒಂದು ಪಟ್ಟಿಯನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಪಿಗಳು 20 ಚಿಕ್ಕ ಚೌಕಕ್ಕೆ ಒಂದರಂತೆ ತಪ್ಪದೆ ಬರುತ್ತಿವೆ. ಮೊದಲ ಬಡಿತದ ಪಿಆರ್ 5 ಚೌಕ. ಮುಂದಿನದು 7. ಅದರ ಮುಂದಿನದು 8. ನಾಲ್ಕನೇ ಪಿ ಬಂತು, ಕ್ಯೂಆರ್‌ಎಸ್ ಇಲ್ಲ. ಆಮೇಲೆ ಬಂದ ಪಿಯ ಪಿಆರ್ ಮತ್ತೆ 5. ಹೊರೆ ಹೊತ್ತವನು ಪ್ರತಿ ಸಲ ಸ್ವಲ್ಪ ಸ್ವಲ್ಪ ತಡ ಮಾಡುತ್ತಾ ಬಂದು, ಒಂದು ಸಲ ಕೂತೇಬಿಡುತ್ತಾನೆ. ದಣಿವಾರಿಸಿಕೊಂಡು ಎದ್ದರೆ ಮತ್ತೆ ಮೊದಲಿನ ಹುರುಪು. ಎವಿ ನೋಡ್ ಮಾಡುವುದು ಇದನ್ನೇ.

ಈಗ ಕ್ಯೂಆರ್‌ಎಸ್‌ಗಳ ನಡುವಿನ ದೂರ ಲೆಕ್ಕ ಹಾಕಿ. ಮೊದಲ ಎರಡರ ನಡುವೆ 22 ಚೌಕ, ಮುಂದಿನ ಎರಡರ ನಡುವೆ 21. ಪಿಆರ್ ಉದ್ದ ಆಗುತ್ತಿದೆ, ಆರ್‌ಆರ್ (ಕ್ಯೂಆರ್‌ಎಸ್‌ಗಳ ನಡುವಿನ ಈ ದೂರ) ಮಾತ್ರ ಗಿಡ್ಡ ಆಗುತ್ತಿದೆ! ಹೊಸಬರು ಇಲ್ಲೇ ಎಡವುತ್ತಾರೆ. ಕಾರಣ ಸರಳ. ಪಿಆರ್ ಮೊದಲು 2 ಚೌಕ ಹೆಚ್ಚಾಯಿತು, ಆಮೇಲೆ 1 ಚೌಕ ಮಾತ್ರ. ಏರಿಕೆ ಪ್ರತಿ ಸಲ ಕಡಿಮೆ ಆಗುತ್ತದೆ, ಅದಕ್ಕೆ ಬಡಿತಗಳು ಹತ್ತಿರ ಹತ್ತಿರ ಬರುತ್ತವೆ. ಖಾಲಿ ಜಾಗ ಎಷ್ಟು? 37 ಚೌಕ. ಎರಡು ಪಿಗಳ ದೂರವಾದ 40ಕ್ಕಿಂತ ಕಡಿಮೆ. ಈ ಮೂರೂ ಕೂಡಿ ಬಂದರೆ ದೂರದಿಂದ ನೋಡಿದರೂ ಗೊತ್ತಾಗುತ್ತದೆ: ಮೂರು ಬಡಿತ, ಖಾಲಿ, ಮೂರು ಬಡಿತ, ಖಾಲಿ.

ಆದರೆ ಪುಸ್ತಕದಲ್ಲಿ ಇದ್ದಷ್ಟು ಚೊಕ್ಕವಾಗಿ ವಾರ್ಡಿನಲ್ಲಿ ಸಿಗುವುದಿಲ್ಲ. ಎಂಟು ಹತ್ತು ಬಡಿತ ಆದಮೇಲೆ ಒಂದು ಬೀಳುವಂಥ ಉದ್ದ ಗುಂಪುಗಳಿರುತ್ತವೆ. ಅಲ್ಲಿ ಕೊನೆಯ ನಾಲ್ಕೈದು ಪಿಆರ್‌ಗಳು ನೋಡಲು ಒಂದೇ ಥರ ಇರುತ್ತವೆ. ಪಿಆರ್ ಬದಲಾಗಿಲ್ಲ, ಇದು ಎರಡನೇ ಬಗೆ ಅಂತ ಅಲ್ಲಿ ಬರೆದುಬಿಡುತ್ತಾರೆ. ನಾನು ಮಾಡುವುದು ಇಷ್ಟೇ. ಗುಂಪಿನ ನಡುವೆ ಅಳೆಯುವುದಿಲ್ಲ. ಖಾಲಿ ಜಾಗಕ್ಕೆ ಮೊದಲಿನ ಕೊನೆಯ ಪಿಆರ್, ಖಾಲಿ ಜಾಗ ಆದಮೇಲಿನ ಮೊದಲ ಪಿಆರ್. ಈ ಎರಡನ್ನು ಮಾತ್ರ ಹೋಲಿಸುತ್ತೇನೆ. ಆಮೇಲಿನದು ಗಿಡ್ಡ ಇದ್ದರೆ ವೆಂಕೆಬಾಕ್.

ಎರಡೂ ಒಂದೇ ಇದ್ದರೆ? ಆಗ ಎದ್ದು ನಿಲ್ಲಬೇಕು. ಅದು ಮೊಬಿಟ್ಜ್ ಎರಡು. ಇಲ್ಲಿ ದಣಿವಿನ ಸೂಚನೆ ಇಲ್ಲ, ಮುನ್ಸೂಚನೆಯೂ ಇಲ್ಲ. ಪಿಆರ್ 4 ಚೌಕ, 4 ಚೌಕ, 4 ಚೌಕ, ಇದ್ದಕ್ಕಿದ್ದ ಹಾಗೆ ಒಂದು ಪಿ ಒಂಟಿಯಾಗಿ ನಿಂತಿದೆ. ಮತ್ತೆ 4 ಚೌಕ. ಹೇಳದೆ ಕೇಳದೆ ಕೈಕೊಡುವ ಬ್ಲಾಕ್ ಇದು. ಖಾಲಿ ಜಾಗ ಎರಡು ಪಿಗಳ ದೂರಕ್ಕೆ ಸರಿಸಮ. ಬಹುಪಾಲು ಕ್ಯೂಆರ್‌ಎಸ್ ಕೂಡ ಅಗಲವಾಗಿರುತ್ತದೆ. ತೊಂದರೆ ಎವಿ ನೋಡ್‌ನಲ್ಲಿ ಅಲ್ಲ, ಅದರ ಕೆಳಗೆ, ಹಿಸ್ ಬಂಡಲ್ ಅಥವಾ ಕವಲುಗಳಲ್ಲಿ. ಒಂದು ಕವಲು ಆಗಲೇ ಹೋಗಿದೆ, ಇನ್ನೊಂದು ಆಗಾಗ ಕೈಬಿಡುತ್ತಿದೆ ಅಂತ ಇಟ್ಟುಕೊಳ್ಳಿ. ಅದೂ ನಿಂತುಹೋದರೆ ಪೂರ್ತಿ ಬ್ಲಾಕ್. ಇದನ್ನು ಇಂಗ್ಲೆಂಡಿನ ಜಾನ್ ಹೇ 1906ರಲ್ಲೇ ಕುತ್ತಿಗೆಯ ನಾಳದ ಗೆರೆಯಿಂದ ಗುರುತಿಸಿದ್ದರು. 1924ರಲ್ಲಿ ವೋಲ್ಡೆಮಾರ್ ಮೊಬಿಟ್ಜ್ ಇಸಿಜಿ ಇಟ್ಟುಕೊಂಡು ಎರಡು ಬಗೆಯಾಗಿ ವಿಂಗಡಿಸಿದರು. ಹೆಸರು ಮೊಬಿಟ್ಜ್‌ರದೇ ಉಳಿಯಿತು. ವೆಂಕೆಬಾಕ್ ಇರುವ ಹೆಚ್ಚಿನವರಿಗೆ ನಿಗಾ ಸಾಕು. ನಿದ್ದೆಯಲ್ಲಿ ಆರೋಗ್ಯವಂತರಲ್ಲೂ ಬರುತ್ತದೆ. ಮೊಬಿಟ್ಜ್ ಎರಡು ಬಂತು ಅಂದರೆ, ಸರಿಪಡಿಸಬಹುದಾದ ಕಾರಣ ಇಲ್ಲದಿದ್ದರೆ, ಲಕ್ಷಣ ಇರಲಿ ಬಿಡಲಿ, ಪೇಸ್‌ಮೇಕರ್ ಮಾತು ಶುರುವಾಗುತ್ತದೆ.

ಅಜ್ಜಿಯದು ಈ ಎರಡರಲ್ಲಿ ಯಾವುದು? ಎರಡಕ್ಕೆ ಒಂದು ಬ್ಲಾಕ್‌ನ ತೊಡಕೇ ಇದು. ಒಂದು ಪಿ ದಾಟುತ್ತದೆ, ಮುಂದಿನದು ಬೀಳುತ್ತದೆ. ಸಾಲಾಗಿ ಎರಡು ಪಿಆರ್ ಸಿಗುವುದೇ ಇಲ್ಲ. ಪಿಆರ್ ಉದ್ದ ಆಗುತ್ತಿದೆಯೋ ಇಲ್ಲವೋ ಅಂತ ಹೇಳುವುದು ಹೇಗೆ? ಹೇಳಲು ಆಗುವುದಿಲ್ಲ. ಅದನ್ನು ಒಂದು ಅಥವಾ ಎರಡು ಅಂತ ಕರೆಯಬಾರದು, ಎರಡಕ್ಕೆ ಒಂದು ಅಂತಲೇ ಬರೆಯಬೇಕು. ಉದ್ದದ ಪಟ್ಟಿ ತೆಗೆಯಿರಿ, ಮಾನಿಟರ್‌ನ ಹಿಂದಿನ ರೆಕಾರ್ಡ್ ನೋಡಿ. ಎಲ್ಲೋ ಒಂದು ಕಡೆ ಮೂರಕ್ಕೆ ಎರಡು ದಾಟಿದ್ದರೆ ಅಲ್ಲಿ ಗುಟ್ಟು ಬಯಲಾಗುತ್ತದೆ. ಅದೂ ಇಲ್ಲದಿದ್ದರೆ ಸುಳಿವುಗಳಿವೆ. ಪಿಆರ್ ಉದ್ದ, ಕ್ಯೂಆರ್‌ಎಸ್ ಸಣ್ಣ ಇದ್ದರೆ ತೊಂದರೆ ನೋಡ್‌ನಲ್ಲೇ ಇರುವ ಸಾಧ್ಯತೆ ಜಾಸ್ತಿ. ಪಿಆರ್ ಸರಿ ಇದ್ದು ಕ್ಯೂಆರ್‌ಎಸ್ ಅಗಲ ಇದ್ದರೆ ಕೆಳಗಿನದು. ಅಜ್ಜಿಯ ಪಿಆರ್ ನಾಲ್ಕೂವರೆ ಚೌಕ, ಕ್ಯೂಆರ್‌ಎಸ್ ಮೂರೂವರೆ ಚೌಕ. ಇನ್‌ಚಾರ್ಜ್ ಸಿಸ್ಟರ್ ಅದನ್ನು ನೋಡಿದ ಕೂಡಲೇ "ಪೇಸಿಂಗ್ ಪ್ಯಾಡ್ ತಗೊಂಡು ಬಾ" ಅಂದರು. ಎದೆಗೆ ಅಂಟಿಸಿ, ಹೊರಗಿನಿಂದ ಕರೆಂಟ್ ಕೊಟ್ಟು ಹೃದಯವನ್ನು ಬಡಿಸುವ ಪ್ಯಾಡ್ ಅದು.

ಡಾಕ್ಟರ್ ಬಂದರು. ಅಷ್ಟರಲ್ಲಿ ಅಜ್ಜಿಗೆ ಮತ್ತೆ ತಲೆಸುತ್ತು, ಬಿಪಿ ಇಳಿಯತೊಡಗಿತು. ಒಂದು ಕಡೆ ಪ್ಯಾಡ್ ಅಂಟಿಸುತ್ತಲೇ ಇನ್ನೊಂದು ಕಡೆ ಬಡಿತ ಚುರುಕು ಮಾಡುವ ಔಷಧಿ ಅಟ್ರೋಪಿನ್ 1 ಮಿಲಿಗ್ರಾಂ ಕೊಟ್ಟರು. ಮಾನಿಟರ್ ಮುಂದೆ ನಾನು ನಿಂತಿದ್ದೆ. ಪಿಗಳು ಚುರುಕಾದವು. 94 ಇದ್ದದ್ದು 110ಕ್ಕೆ ಹೋಯಿತು. ಕ್ಯೂಆರ್‌ಎಸ್ ಏರಲಿಲ್ಲ, ಇಳಿಯಿತು. 47 ಇದ್ದದ್ದು 37. ಮೊದಲು ಎರಡು ಪಿಗೆ ಒಂದು ದಾಟುತ್ತಿತ್ತು, ಈಗ ಮೂರು ಪಿಗೆ ಒಂದು. ಸಾಲಾಗಿ ಎರಡು ಪಿ ಬಿದ್ದರೆ ಅದು ಹೈ ಗ್ರೇಡ್ ಬ್ಲಾಕ್.

ಯಾಕೆ ಹೀಗಾಯಿತು ಅಂತ ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಅಟ್ರೋಪಿನ್ ಸೈನಸ್ ನೋಡ್‌ಗೂ ಎವಿ ನೋಡ್‌ಗೂ ಚುರುಕು ಕೊಡುತ್ತದೆ. ಕೆಳಗಿನ ಕಾಯಿಲೆ ಬಿದ್ದ ದಾರಿಗೆ ಅದರಿಂದ ಉಪಯೋಗ ಇಲ್ಲ. ಮೇಲಿನಿಂದ ಜಾಸ್ತಿ ಜನ ಬಂದು ಗೇಟ್ ದಾಟಿದರೆ ಮುರಿದ ಸೇತುವೆ ಮೇಲೆ ನೂಕುನುಗ್ಗಲು ಆಗುತ್ತದೆ, ಅಷ್ಟೇ. ಹಾಗಂತ ಅಟ್ರೋಪಿನ್ ಕೊಡಲೇಬಾರದು ಅಂತಲ್ಲ. ತುರ್ತಿನಲ್ಲಿ ಮೊದಲು ಕೈಗೆ ಸಿಗುವುದು ಅದೇ, ನೋಡ್‌ನ ಬ್ಲಾಕ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕ್ಯೂಆರ್‌ಎಸ್ ಅಗಲ ಇದ್ದಾಗ ಅದನ್ನೇ ನಂಬಿ ಪೇಸಿಂಗ್ ತಡ ಮಾಡಬಾರದು. ಅವತ್ತು ಪ್ಯಾಡ್ ಎದೆಯ ಮೇಲೆ ಇತ್ತು. ಅದೊಂದು ಪುಣ್ಯ.

ಹತ್ತು ನಿಮಿಷದಲ್ಲಿ ಅಜ್ಜಿ ನನ್ನ ಕೈ ಹಿಡಿದಿದ್ದವರು ಬಿಟ್ಟರು. ಮುಖ ಬಿಳಿಚಿತು, ಕಣ್ಣು ಮೇಲೆ ಹೋಯಿತು. ಮಾನಿಟರ್‌ನಲ್ಲಿ ಪಿ, ಪಿ, ಪಿ, ಪಿ. ಕ್ಯೂಆರ್‌ಎಸ್ ಒಂದೂ ಇಲ್ಲ. ಪೇಸಿಂಗ್ ಆನ್ ಮಾಡಿದರು. ಕರೆಂಟ್ ಏರಿಸಿದರು. ಅಗಲವಾದ ಕ್ಯೂಆರ್‌ಎಸ್ ಬಂತು. ನಾನು ತೊಡೆಯ ಬುಡದಲ್ಲಿ ಬೆರಳಿಟ್ಟು ನಾಡಿ ಸಿಗುತ್ತಿದೆಯಾ ನೋಡಿದೆ, ಸಿಕ್ಕಿತು. ಅಜ್ಜಿ ಕಣ್ಣು ಬಿಟ್ಟು "ಏನಾಯ್ತು ಮಗಾ?" ಅಂದರು. ಹೀಗೆ ಬಡಿತ ನಿಂತು ಎಚ್ಚರ ತಪ್ಪಿ, ಬಡಿತ ಬಂದ ಕೂಡಲೇ ಎಚ್ಚರ ಆಗುವುದಕ್ಕೆ ಸ್ಟೋಕ್ಸ್ ಆಡಮ್ಸ್ ಅಂತ ಹೆಸರು. ಡಬ್ಲಿನ್‌ನ ಇಬ್ಬರು ವೈದ್ಯರು, ರಾಬರ್ಟ್ ಆಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ಇದನ್ನು ಬರೆದಿಟ್ಟರು. ಅವರ ಕಾಲದಲ್ಲಿ ಇಂಥ ರೋಗಿಗೆ ಮಾಡಲು ಏನೂ ಇರಲಿಲ್ಲ.

ಮೂರನೇ ಡಿಗ್ರಿ, ಅಂದರೆ ಪೂರ್ತಿ ಬ್ಲಾಕ್. ಮೇಲಿನಿಂದ ಒಂದು ಪಿಯೂ ಕೆಳಗೆ ತಲುಪುವುದಿಲ್ಲ. ಕೆಳಗಿನ ಕೋಣೆಗಳು ಸುಮ್ನೆ ಕೂರುವುದಿಲ್ಲ, ತಮ್ಮದೇ ನಿಧಾನದ ಬಡಿತ ಶುರು ಮಾಡಿಕೊಳ್ಳುತ್ತವೆ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದ ಹಾಗೆ. ಅವರವರ ಲೆಕ್ಕ ಅವರವರಿಗೆ. ಹಾಳೆಯ ಅಂಚಿಟ್ಟು ಗುರುತು ಹಾಕಿದರೆ ಪಿಗಳು 14 ಚೌಕಕ್ಕೆ ಒಂದರಂತೆ ನಡೆಯುತ್ತವೆ. ಇನ್ನೊಂದು ಅಂಚಿನಲ್ಲಿ ಕ್ಯೂಆರ್‌ಎಸ್ ಗುರುತು ಹಾಕಿದರೆ 45 ಚೌಕಕ್ಕೆ ಒಂದರಂತೆ ನಡೆಯುತ್ತವೆ. ಎರಡೂ ಕ್ರಮವಾಗಿವೆ, ಒಂದಕ್ಕೊಂದು ಸಂಬಂಧ ಇಲ್ಲ. ಪಿಆರ್ ಒಂದು ಕಡೆ 3 ಚೌಕ, ಇನ್ನೊಂದು ಕಡೆ 9, ಮತ್ತೊಂದು ಕಡೆ ಪಿ ಕ್ಯೂಆರ್‌ಎಸ್‌ನೊಳಗೇ ಮಾಯ. ಅಲ್ಲಿ ಪಿ ಇಲ್ಲ ಅಂದುಕೊಳ್ಳಬೇಡಿ. ಅಂಚಿನ ಗುರುತು ಅಲ್ಲಿ ಇರಬೇಕು ಅಂದರೆ ಅದು ಅಲ್ಲೇ ಇದೆ.

ವೆಂಕೆಬಾಕ್‌ಗೂ ಪೂರ್ತಿ ಬ್ಲಾಕ್‌ಗೂ ಗೊಂದಲ ಮಾಡಿಕೊಳ್ಳುವವರಿದ್ದಾರೆ, ಎರಡರಲ್ಲೂ ಪಿಆರ್ ಬದಲಾಗುತ್ತದಲ್ಲ. ಕ್ಯೂಆರ್‌ಎಸ್ ನೋಡಿ. ವೆಂಕೆಬಾಕ್‌ನಲ್ಲಿ ಅದು ಗುಂಪಾಗಿ ಬರುತ್ತದೆ, ಅಂತರ ಬದಲಾಗುತ್ತದೆ. ಪೂರ್ತಿ ಬ್ಲಾಕ್‌ನಲ್ಲಿ ಗಡಿಯಾರದ ಹಾಗೆ ಬರುತ್ತದೆ. ಪಿಆರ್ ಬದಲಾಗುತ್ತಿದೆ, ಕ್ಯೂಆರ್‌ಎಸ್ ಮಾತ್ರ ಕ್ರಮ ತಪ್ಪುತ್ತಿಲ್ಲ, ರೇಟ್ ನಿಧಾನ ಇದೆ ಅಂದರೆ ಪೂರ್ತಿ ಬ್ಲಾಕ್ ಅಂತಲೇ ಮೊದಲು ಯೋಚಿಸುತ್ತೇನೆ.

ಕೆಳಗಿನ ಬಡಿತ ಎಲ್ಲಿಂದ ಹುಟ್ಟುತ್ತಿದೆ ಅನ್ನುವುದು ಮುಖ್ಯ. ಎವಿ ನೋಡ್ ಹತ್ತಿರದಿಂದ ಬಂದರೆ ಕ್ಯೂಆರ್‌ಎಸ್ ಸಣ್ಣ, ರೇಟ್ 40ರಿಂದ 60. ಸ್ವಲ್ಪ ನಂಬಬಹುದು. ಕೆಳಗಿನ ಕೋಣೆಯಿಂದಲೇ ಬಂದರೆ ಅಗಲ, ರೇಟ್ 20ರಿಂದ 40. ಇದು ಯಾವ ಕ್ಷಣ ಬೇಕಾದರೂ ನಿಲ್ಲಬಹುದು. ಹಾರ್ಟ್ ಅಟ್ಯಾಕ್‌ನಲ್ಲೂ ಇದೇ ಲೆಕ್ಕ. ಹೃದಯದ ಕೆಳಭಾಗದ ಅಟ್ಯಾಕ್‌ನಲ್ಲಿ ಬ್ಲಾಕ್ ಸಾಮಾನ್ಯವಾಗಿ ನೋಡ್‌ನಲ್ಲಿ ಇರುತ್ತದೆ, ಬಹಳಷ್ಟು ಸಲ ಕೆಲವು ದಿನದಲ್ಲಿ ತಾನೇ ಸರಿಹೋಗುತ್ತದೆ. ಮುಂಭಾಗದ ಅಟ್ಯಾಕ್‌ನಲ್ಲಿ ಬ್ಲಾಕ್ ಬಂದರೆ ಕೆಳಗಿನ ದಾರಿಯೇ ಸುಟ್ಟಿದೆ, ತುಂಬ ಸ್ನಾಯು ಹೋಗಿದೆ ಅಂತ ಅರ್ಥ.

ಮಾನಿಟರ್ ಬಿಟ್ಟು ರೋಗಿಯ ಕುತ್ತಿಗೆಯನ್ನೂ ನೋಡಿ. ಪೂರ್ತಿ ಬ್ಲಾಕ್‌ನಲ್ಲಿ ಮೇಲಿನ ಕೋಣೆ ಕೆಲವು ಸಲ ಮುಚ್ಚಿದ ಕವಾಟಕ್ಕೆ ಎದುರಾಗಿ ಹಿಂಡುತ್ತದೆ. ರಕ್ತ ಹಿಂದಕ್ಕೆ ಚಿಮ್ಮಿ ಕುತ್ತಿಗೆಯ ನಾಳ ಒಮ್ಮೊಮ್ಮೆ ಜೋರಾಗಿ ಪುಟಿಯುತ್ತದೆ. ಇದನ್ನು ಮೊದಲ ಸಲ ಕಣ್ಣಾರೆ ಕಂಡಾಗ ಜಾನ್ ಹೇ ಕುತ್ತಿಗೆಯ ನಾಳವನ್ನೇ ಯಾಕೆ ಹಿಡಿದರು ಅಂತ ಅರ್ಥ ಆಯಿತು.

ಬ್ಲಾಕ್ ಅಲ್ಲದ್ದನ್ನು ಬ್ಲಾಕ್ ಅನ್ನುವ ತಪ್ಪೂ ಆಗುತ್ತದೆ. ಪಟ್ಟಿಯಲ್ಲಿ ದಿಢೀರನೆ ಖಾಲಿ ಜಾಗ ಕಂಡರೆ ಬಹಳಷ್ಟು ಸಲ ಕಾರಣ ಬೇಗ ಬಂದ ಒಂದು ಪಿ. ಅವಧಿಗೆ ಮೊದಲೇ ಹುಟ್ಟಿದ ಪಿ, ಎವಿ ನೋಡ್ ಇನ್ನೂ ಸುಧಾರಿಸಿಕೊಳ್ಳುವ ಮೊದಲೇ ಬಂದು ಬಾಗಿಲು ತಟ್ಟಿದೆ. ಬಾಗಿಲು ತೆರೆಯಲಿಲ್ಲ. ಅದು ನೋಡ್‌ನ ತಪ್ಪಲ್ಲ. ಇಂಥ ಪಿಯೂ ಟಿಯೊಳಗೇ ಅಡಗಿರುತ್ತದೆ. ಆ ಒಂದು ಟಿ ಮಾತ್ರ ಉಳಿದವಕ್ಕಿಂತ ಚೂಪಾಗಿಯೋ ಎತ್ತರವಾಗಿಯೋ ಕಾಣುತ್ತದೆ. ಬ್ಲಾಕ್ ಅನ್ನಬೇಕಿದ್ದರೆ ಪಿಗಳು ಸಮಯಕ್ಕೆ ಸರಿಯಾಗಿ ಬಂದಿರಬೇಕು. ಹಾಳೆಯ ಅಂಚು ಇದನ್ನೂ ಹೇಳುತ್ತದೆ.

ವಾಂತಿ ಮಾಡುವಾಗ, ಟ್ಯೂಬ್ ಹಾಕುವಾಗ ಬರುವ ಬ್ಲಾಕ್ ಬೇರೆ. ಅಲ್ಲಿ ಪಿಗಳೂ ದೂರ ದೂರ ಆಗುತ್ತವೆ, ಜೊತೆಗೆ ಕ್ಯೂಆರ್‌ಎಸ್ ಬೀಳುತ್ತದೆ. ಎರಡೂ ಒಟ್ಟಿಗೆ ನಿಧಾನ ಆದರೆ ಅದು ಹೃದಯವನ್ನು ನಿಧಾನ ಮಾಡುವ ವೇಗಸ್ ನರದ ಕೆಲಸ. ಇನ್ನು ಏಟ್ರಿಯಲ್ ಫಿಬ್ರಿಲೇಶನ್ (ಮೇಲಿನ ಕೋಣೆಗಳು ಬರೀ ನಡುಗುವ ತೊಂದರೆ) ಇರುವವರಲ್ಲಿ ಪಿ ಇರುವುದೇ ಇಲ್ಲ, ಬಡಿತ ಯಾವಾಗಲೂ ಏರುಪೇರು. ಅಂಥವರ ಬಡಿತ ಒಂದು ದಿನ ನಿಧಾನವಾಗಿ, ತುಂಬ ಕ್ರಮವಾಗಿ ಬರತೊಡಗಿದರೆ ಸುಧಾರಿಸಿದ್ದಾರೆ ಅಂತ ಖುಷಿಪಡಬೇಡಿ. ಪೂರ್ತಿ ಬ್ಲಾಕ್ ಆಗಿರಬಹುದು. ಡಿಗಾಕ್ಸಿನ್ ತಗೊಳ್ಳುತ್ತಿದ್ದಾರಾ ಅಂತ ಕೇಳಿ, ಪೊಟ್ಯಾಸಿಯಂ ನೋಡಿ.

ಬಂಡಲ್ ಬ್ರಾಂಚ್ ಬ್ಲಾಕ್ ಇದೇ ಮನೆತನದ್ದು. ಕವಲು ಒಂದು ಕಡೆ ನಿಂತಿರುತ್ತದೆ, ಕ್ಯೂಆರ್‌ಎಸ್ ಮೂರು ಚಿಕ್ಕ ಚೌಕ ಅಥವಾ ಜಾಸ್ತಿ. ಎದೆಯ ಬಲಬದಿಯಿಂದ ನೋಡುವ ವಿ1 ಲೀಡ್‌ನಲ್ಲಿ ಮೊಲದ ಕಿವಿಯ ಹಾಗೆ ಎರಡು ತುದಿ ಮೇಲಕ್ಕಿದ್ದು, ಎಡಬದಿಯ ವಿ6ರಲ್ಲಿ ಅಗಲವಾದ ಎಸ್ (ಕೆಳಮುಖ ಗೆರೆ) ಇದ್ದರೆ ಬಲಗಡೆಯದು. ವಿ1ರಲ್ಲಿ ಆಳವಾಗಿ ಕೆಳಗಿಳಿದು, ವಿ6ರಲ್ಲಿ ಅಗಲವಾದ ಆರ್ (ಮೇಲ್ಮುಖ ಗೆರೆ) ಇದ್ದರೆ ಎಡಗಡೆಯದು. ಒಂದು ಕವಲಿನ ಬ್ಲಾಕ್ ಇದ್ದೂ ವರ್ಷಗಟ್ಟಲೆ ಆರಾಮಾಗಿ ಇರುವವರಿದ್ದಾರೆ. ಆದರೆ ಒಂದು ಪಟ್ಟಿಯಲ್ಲಿ ಬಲ, ಇನ್ನೊಂದರಲ್ಲಿ ಎಡ ಕಂಡರೆ ಎರಡೂ ಕವಲು ಕೆಟ್ಟಿವೆ ಅಂತ. ಅದನ್ನು ಬೆಳಗಿನ ರೌಂಡ್ಸ್ ತನಕ ಇಟ್ಟುಕೊಳ್ಳಬಾರದು.

ಡಾಕ್ಟರ್‌ಗೆ ಫೋನ್ ಮಾಡುವಾಗ ಈಗ ನಾನು ಹೆಸರಿನಿಂದ ಶುರು ಮಾಡುವುದಿಲ್ಲ. ಪಿ ಎಷ್ಟು, ಕ್ಯೂಆರ್‌ಎಸ್ ಎಷ್ಟು, ಅಗಲವೋ ಸಣ್ಣದೋ, ಬಿಪಿ ಎಷ್ಟು, ಎಚ್ಚರ ಇದ್ದಾರಾ, ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ. "ಪಿ 94, ಕ್ಯೂಆರ್‌ಎಸ್ 47, ಅಗಲ, ಬಿದ್ದು ಬಂದಿದ್ದಾರೆ" ಅಂದರೆ ಆ ಕಡೆಯವರು ಎದ್ದು ಬರುತ್ತಾರೆ. "ಬ್ರಾಡಿಕಾರ್ಡಿಯಾ ಇದೆ ಡಾಕ್ಟ್ರೇ" ಅಂದರೆ ಅಷ್ಟು ಬೇಗ ಬರಲಿಕ್ಕಿಲ್ಲ.

ಅಜ್ಜಿಗೆ ಆ ರಾತ್ರಿಯೇ ನಾಳದ ಮೂಲಕ ತಾತ್ಕಾಲಿಕ ವೈರ್ ಹಾಕಿದರು. ಬಡಿತ ನಿಧಾನ ಮಾಡುವ ಯಾವ ಮಾತ್ರೆಯೂ ಅವರಿಗೆ ಇರಲಿಲ್ಲ, ಅಟ್ಯಾಕ್ ಆಗಿರಲಿಲ್ಲ, ಪೊಟ್ಯಾಸಿಯಂ ಸರಿ ಇತ್ತು. ವಯಸ್ಸಾದಂತೆ ಕರೆಂಟಿನ ದಾರಿಯಲ್ಲಿ ನಾರು ಬೆಳೆಯುತ್ತದೆ, ಇದು ಅದೇ ಇರಬೇಕು ಅಂದರು. ಮೂರನೇ ದಿನ ಶಾಶ್ವತ ಪೇಸ್‌ಮೇಕರ್ ಇಟ್ಟರು. ಹೋಗುವ ಮೊದಲು ಅಜ್ಜಿ, ಈ ಯಂತ್ರ ಎಷ್ಟು ವರ್ಷ ಬಾಳುತ್ತೆ ಅಂತ ಕೇಳಿದ್ದರು. ನಾನು ಅರ್ನೆ ಲಾರ್ಸನ್ ಕತೆ ಹೇಳಿದೆ. ಸ್ವೀಡನ್ನಿನ ಅವರಿಗೆ ಪೂರ್ತಿ ಬ್ಲಾಕ್ ಇತ್ತು, ಪದೇಪದೇ ಎಚ್ಚರ ತಪ್ಪುತ್ತಿತ್ತು. 1958ರ ಅಕ್ಟೋಬರ್ 8ರಂದು ಮೈಯೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲ ಮನುಷ್ಯ ಅವರು. ರೂನೆ ಎಲ್ಮ್‌ಕ್ವಿಸ್ಟ್ ಮಾಡಿದ ಯಂತ್ರ, ಓಕೆ ಸೆನ್ನಿಂಗ್ ಮಾಡಿದ ಆಪರೇಷನ್. ಆ ಮೊದಲ ಯಂತ್ರ ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ. ಆಮೇಲೆ 20ಕ್ಕೂ ಹೆಚ್ಚು ಯಂತ್ರ ಬದಲಾಯಿಸಿಕೊಂಡು ಅವರು 2001ರ ತನಕ, 86 ವರ್ಷ ಬದುಕಿದರು. ಅಜ್ಜಿ ಕೇಳಿ, "ಹಾಗಾದ್ರೆ ನಂದೂ ನಡೆಯುತ್ತೆ ಬಿಡು" ಅಂದರು.

ಡೈರಿಯ ಎರಡನೇ ಪಟ್ಟಿ ಆ ದಿನದ್ದು. ರೇಟ್ 78. ಒಂದು ಪಿ, ಅದರ ಹಿಂದೆ ಕೂದಲೆಳೆಯಷ್ಟು ಸಣ್ಣ ನೆಟ್ಟಗಿನ ಗೆರೆ, ಕೂಡಲೇ ಅಗಲವಾದ ಕ್ಯೂಆರ್‌ಎಸ್. ಮತ್ತೆ ಪಿ, ಗೆರೆ, ಕ್ಯೂಆರ್‌ಎಸ್. ಒಂದು ಪಿಯೂ ಒಂಟಿಯಾಗಿಲ್ಲ. ಆ ದಿನವೂ ಹಾಳೆಯ ಅಂಚಿಟ್ಟು ಗುರುತು ಹಾಕಿ, ಪ್ರತಿ ಟಿಯನ್ನೂ ಒಂದೊಂದಾಗಿ ನೋಡಿದೆ. ಇಳಿಜಾರು ನುಣುಪಾಗಿತ್ತು. ಎಲ್ಲೂ ಗಂಟು ಇರಲಿಲ್ಲ.